ಮನೆ ತುಂಬ ಬೆಕ್ಕಿನ ರೋಮ: ಕಾರಣ, ನಿವಾರಣೆ ಮತ್ತು ಎಚ್ಚರಿಕೆ

ಹಾಸನ: ಮಲೆನಾಡು ಹಾಗೂ ಬಯಲುಸೀಮೆಗಳ ನಡುವೆ ಹರಡಿರುವ ಹಾಸನ ಜಿಲ್ಲೆಯಲ್ಲಿ ಬೆಕ್ಕು ಹೊಸ ಅತಿಥಿಯೇನಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಗಳಲ್ಲಿ ಕೊಬ್ಬರಿಯ ಅಟ್ಟ ಕಾಯಲು, ಅರಕಲಗೂಡಿನಲ್ಲಿ ಬಿತ್ತನೆ ಆಲೂಗಡ್ಡೆಯ ದಾಸ್ತಾನು ರಕ್ಷಿಸಲು, ಹೇಮಾವತಿ ದಂಡೆಯ ಹೊಳೆನರಸೀಪುರದಲ್ಲಿ ಭತ್ತದ ಕಣಜದಿಂದ ಇಲಿಗಳನ್ನು ದೂರವಿಡಲು ಬೆಕ್ಕು ಸಾಕುವುದು ಹಿಂದಿನಿಂದಲೂ ನಡೆದುಬಂದ ಪದ್ಧತಿ. ಆದರೆ ಆ ಬೆಕ್ಕು ಹಗಲು ಅಟ್ಟದ ಮೇಲೆ, ರಾತ್ರಿ ಹಿತ್ತಲಿನಲ್ಲಿ ಕಾಲ ಕಳೆಯುತ್ತಿತ್ತು. ಅದರ ಮೈಯಿಂದ ಉದುರಿದ ರೋಮ ಹುಲ್ಲಿನ ಬಣವೆಯಲ್ಲೋ ಗಾಳಿಯಲ್ಲೋ ಸೇರಿಹೋಗುತ್ತಿತ್ತು. ಯಾರೂ ಅದರ ಲೆಕ್ಕವಿಟ್ಟವರಿಲ್ಲ.

ಇಂದು ಪರಿಸ್ಥಿತಿ ಬದಲಾಗಿದೆ. ಬಡಾವಣೆಯ ಮನೆಗಳಲ್ಲಿ ಬೆಕ್ಕು ಅಟ್ಟದಿಂದ ಸೋಫಾಕ್ಕೆ, ಹಿತ್ತಲಿನಿಂದ ಹಾಸಿಗೆಗೆ ಬಂದಿದೆ. ಜತೆಗೆ ಅದರ ರೋಮವೂ ಒಳಗೆ ಬಂದಿದೆ. ಸೀರೆಯ ಸೆರಗು, ಶಾಲಾ ಸಮವಸ್ತ್ರ, ದೇವರಮನೆಯ ಮಣೆ, ಊಟದ ತಟ್ಟೆ ಎಲ್ಲೆಂದರಲ್ಲಿ ಕಾಣುವ ಈ ಎಳೆಗಳು ಅನೇಕ ಕುಟುಂಬಗಳಲ್ಲಿ ಜಗಳಕ್ಕೆ ಕಾರಣವಾಗುತ್ತವೆ. ಜಗಳ ಮುಗಿಯುವುದು ಬಹುತೇಕ ಒಂದೇ ರೀತಿಯಲ್ಲಿ: ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುವುದು. ಇದು ಅಗತ್ಯವೂ ಅಲ್ಲ, ಕಾನೂನುಬದ್ಧವೂ ಅಲ್ಲ. ರೋಮ ಉದುರುವುದನ್ನು ಸಂಪೂರ್ಣ ನಿಲ್ಲಿಸಲಾಗದು. ಆದರೆ ಕಾರಣ ತಿಳಿದು ಕ್ರಮವಾಗಿ ನಿರ್ವಹಿಸಿದರೆ ಮನೆಯನ್ನೂ ಬೆಕ್ಕನ್ನೂ ಎರಡನ್ನೂ ಉಳಿಸಿಕೊಳ್ಳಬಹುದು.

ರೋಮ ಏಕೆ ಉದುರುತ್ತದೆ?

ಬೆಕ್ಕಿನ ಮೈಮೇಲೆ ಸಾಮಾನ್ಯವಾಗಿ ಎರಡು ಪದರಗಳ ರೋಮವಿರುತ್ತದೆ. ಹೊರಗೆ ನೀಳವಾದ, ಗಟ್ಟಿಯಾದ ಹೊರರೋಮ. ಅದರಡಿಯಲ್ಲಿ ಶಾಖ ಕಾಪಾಡುವ ಹತ್ತಿಯಂಥ ಒಳರೋಮ. ಪ್ರತಿಯೊಂದು ಎಳೆಯೂ ಬೆಳೆಯುವ ಹಂತ, ನಿಲ್ಲುವ ಹಂತ, ವಿಶ್ರಾಂತಿಯ ಹಂತಗಳನ್ನು ದಾಟಿ ಕೊನೆಗೆ ಉದುರುತ್ತದೆ. ಆ ಜಾಗದಲ್ಲಿ ಹೊಸ ಎಳೆ ಹುಟ್ಟುತ್ತದೆ. ಇದು ಕಾಯಿಲೆಯಲ್ಲ, ಪ್ರಕೃತಿ ನಿಯಮ.

ಈ ಚಕ್ರವನ್ನು ನಿಯಂತ್ರಿಸುವಲ್ಲಿ ತಾಪಮಾನಕ್ಕಿಂತಲೂ ಹಗಲಿನ ಬೆಳಕಿನ ಅವಧಿಯ ಪಾತ್ರ ದೊಡ್ಡದು. ಇಂಗ್ಲೆಂಡಿನಂಥ ದೇಶಗಳಲ್ಲಿ ಬೇಸಿಗೆಯ ಅತಿ ದೀರ್ಘ ಹಗಲಿಗೂ ಚಳಿಗಾಲದ ಅತಿ ಹ್ರಸ್ವ ಹಗಲಿಗೂ ಎಂಟು ಗಂಟೆಗೂ ಮೀರಿದ ಅಂತರವಿದೆ. ಆದ್ದರಿಂದ ಅಲ್ಲಿನ ಬೆಕ್ಕುಗಳು ವಸಂತದಲ್ಲಿ ಹಾಗೂ ಶರತ್ಕಾಲದಲ್ಲಿ ಒಮ್ಮೆಲೇ ರೋಮ ಕಳಚುತ್ತವೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಹಾಸನದಲ್ಲಿ ಈ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಜತೆಗೆ ಮನೆಯೊಳಗಿನ ಬೆಕ್ಕಿಗೆ ರಾತ್ರಿ ಹತ್ತು, ಹನ್ನೊಂದರವರೆಗೂ ವಿದ್ಯುತ್ ದೀಪದ ಬೆಳಕು. ಹೀಗಾಗಿ ಇಲ್ಲಿನ ಒಳಾಂಗಣ ಬೆಕ್ಕುಗಳು ಯಾವುದೋ ಒಂದು ತಿಂಗಳಿಗೆ ಕಾಯದೆ ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ರೋಮ ಉದುರಿಸುತ್ತವೆ. 'ಬೇಸಿಗೆ ಕಳೆದರೆ ನಿಲ್ಲುತ್ತದೆ' ಎಂದು ಕಾಯುವುದು ವ್ಯರ್ಥ.

ತಳಿಯ ಪ್ರಭಾವವೂ ಇದೆ. ನಮ್ಮ ನಾಟಿ ಬೆಕ್ಕುಗಳ ರೋಮ ಗಿಡ್ಡ, ಒಳರೋಮ ಕಡಿಮೆ. ಪೇಟೆಯಲ್ಲಿ ಹಣ ಕೊಟ್ಟು ತರುವ ಪರ್ಷಿಯನ್ ತಳಿಗೆ ದಟ್ಟವಾದ ಒಳರೋಮವಿದ್ದು, ದಿನವೂ ಬಾಚದಿದ್ದರೆ ಜಡೆಗಟ್ಟುತ್ತದೆ. ಗರ್ಭ ಧರಿಸಿದ ಹಾಗೂ ಮರಿಗೆ ಹಾಲೂಡುವ ತಾಯಿ ಬೆಕ್ಕು, ಹೊಸ ಮನೆಗೆ ಬಂದ ಬೆಕ್ಕು, ಪಟಾಕಿ ಸದ್ದಿಗೆ ಬೆದರಿದ ಬೆಕ್ಕು ಇವುಗಳಲ್ಲೂ ಉದುರುವಿಕೆ ಹೆಚ್ಚು.

ಹಾಲನ್ನದ ಸಮಸ್ಯೆ

ರೋಮದ ಆರೋಗ್ಯ ಆರಂಭವಾಗುವುದು ಆಹಾರದಿಂದ. ಹೈನುಗಾರಿಕೆ ಪ್ರಧಾನವಾದ ಈ ಜಿಲ್ಲೆಯಲ್ಲಿ ಬೆಕ್ಕಿಗೆ ಹಾಲನ್ನ ಹಾಕುವುದು ರೂಢಿ. ಹಿಂದೆ ಇದರಿಂದ ತೊಂದರೆ ಕಾಣದಿರಲು ಕಾರಣ ಸರಳ: ಬೆಕ್ಕು ತನಗೆ ಬೇಕಾದ ಮಾಂಸವನ್ನು ಇಲಿ, ಓತಿಕ್ಯಾತ, ಮಿಡತೆಗಳ ರೂಪದಲ್ಲಿ ತಾನೇ ಸಂಪಾದಿಸಿಕೊಳ್ಳುತ್ತಿತ್ತು. ಹಾಲನ್ನ ಕೇವಲ ಉಪಾಹಾರವಾಗಿತ್ತು. ಬಾಗಿಲು ಮುಚ್ಚಿದ ಮನೆಯಲ್ಲಿ ಅದೇ ಹಾಲನ್ನ ಪೂರ್ಣಾಹಾರವಾದಾಗ ಬೆಕ್ಕು ಹೊಟ್ಟೆ ತುಂಬಿಯೂ ಪೋಷಣೆಯಿಲ್ಲದೆ ಸೊರಗುತ್ತದೆ.

ಬೆಕ್ಕು ಕಟ್ಟಾ ಮಾಂಸಾಹಾರಿ ಪ್ರಾಣಿ. ಮಾಂಸ, ಮೀನುಗಳಲ್ಲಿ ದೊರೆಯುವ ಟಾರಿನ್ ಎಂಬ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಲಾರದು. ಟಾರಿನ್ ಕೊರತೆಯಿಂದ ಬೆಕ್ಕುಗಳ ದೃಷ್ಟಿಪಟಲ ಹಾಳಾಗುತ್ತದೆ. ಹೃದಯ ಹಿಗ್ಗುವ ಕಾಯಿಲೆಗೂ ಇದೇ ಕೊರತೆ ಕಾರಣವೆಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ಅಂತೆಯೇ ರೋಮದ ಹೊಳಪಿಗೆ ಅಗತ್ಯವಾದ ಕೆಲವು ಕೊಬ್ಬಿನಾಮ್ಲಗಳೂ ಪ್ರಾಣಿಜನ್ಯ ಆಹಾರದಿಂದಲೇ ಬರಬೇಕು. ರೋಮವೆಂಬುದು ಬಹುಪಾಲು ಪ್ರೋಟೀನು. ಪ್ರೋಟೀನು ಕೊರತೆಯಾದರೆ ರೋಮ ಮಂಕಾಗಿ, ಒರಟಾಗಿ, ಮುಟ್ಟಿದರೆ ಕೈಗೆ ಬರುವಂತಾಗುತ್ತದೆ. ಇದರ ಮೇಲೆ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ.

ಸಸ್ಯಾಹಾರಿ ಮನೆಗಳಲ್ಲಿ ಇದು ಸೂಕ್ಷ್ಮ ವಿಷಯ. ಅಡುಗೆಮನೆಗೆ ಮೀನು, ಮಾಂಸ ತರಲಾಗದವರು ಟಾರಿನ್ ಸೇರಿಸಿದ, 'ಸಂಪೂರ್ಣ ಆಹಾರ' ಎಂದು ನಮೂದಿಸಿರುವ ಸಿದ್ಧ ಬೆಕ್ಕಿನ ಆಹಾರವನ್ನು ಪ್ರತ್ಯೇಕ ತಟ್ಟೆಯಲ್ಲಿ ಹಾಕಬಹುದು. ನಾಯಿಯ ಆಹಾರ ಬೆಕ್ಕಿಗೆ ಪರ್ಯಾಯವಲ್ಲ. ಆಹಾರ ಬದಲಿಸಿದ ಮರುದಿನವೇ ಫಲ ಕಾಣದು. ಹೊಸ ರೋಮ ಬೆಳೆಯಲು ಕೆಲವು ವಾರಗಳೇ ಬೇಕು. ಕುಡಿಯಲು ಶುದ್ಧ ನೀರು ಸದಾ ಇರಬೇಕು.

ಬಾಚುವ ಕ್ರಮ

ನೆಲಕ್ಕೆ ಬೀಳುವ ಮೊದಲೇ ರೋಮವನ್ನು ಹಿಡಿಯುವುದು ಜಾಣತನ. ಬಾಚಣಿಗೆಯಲ್ಲಿ ಸಿಕ್ಕ ಎಳೆ ಸೋಫಾದ ಮೇಲೆ ಕಾಣಿಸದು. ಬೆಕ್ಕಿನ ಹೊಟ್ಟೆಗೂ ಹೋಗದು.

ನಾಟಿ ಬೆಕ್ಕಿಗೆ ವಾರಕ್ಕೆ ಎರಡು ಬಾರಿ, ನೀಳರೋಮದ ತಳಿಗಳಿಗೆ ದಿನಕ್ಕೊಮ್ಮೆ ಐದರಿಂದ ಹತ್ತು ನಿಮಿಷ ಬಾಚಿದರೆ ಸಾಕು. ಗಿಡ್ಡರೋಮಕ್ಕೆ ರಬ್ಬರಿನ ಹಲ್ಲುಗಳ ಬ್ರಷ್ ಅಥವಾ ಕೈಗವಸು, ನೀಳರೋಮಕ್ಕೆ ಅಗಲ ಹಲ್ಲಿನ ಲೋಹದ ಬಾಚಣಿಗೆ ಸೂಕ್ತ. ಊಟವಾಗಿ ಬೆಕ್ಕು ತೂಕಡಿಸುವ ವೇಳೆ ಆರಿಸಿಕೊಳ್ಳಬೇಕು. ತಲೆ, ಕೆನ್ನೆ, ಬೆನ್ನಿನಿಂದ ಆರಂಭಿಸಿ ರೋಮ ಬೆಳೆದ ದಿಕ್ಕಿನಲ್ಲೇ ಬಾಚಬೇಕು. ಹೊಟ್ಟೆ, ಬಾಲಗಳನ್ನು ಬೆಕ್ಕು ಸುಲಭವಾಗಿ ಮುಟ್ಟಗೊಡುವುದಿಲ್ಲ. ಅವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಬಾಲ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಮಲಗಿದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಜಡೆಗಟ್ಟಿದ ರೋಮವನ್ನು ಕತ್ತರಿಯಿಂದ ಕತ್ತರಿಸಲು ಹೋಗಬಾರದು. ಬೆಕ್ಕಿನ ಚರ್ಮ ಅತಿ ತೆಳು. ಜಡೆಯೊಂದಿಗೆ ಚರ್ಮವೂ ಕತ್ತರಿಗೆ ಸಿಕ್ಕಿ ಗಾಯವಾಗುತ್ತದೆ. ಬೆರಳಿನಿಂದ ನಿಧಾನವಾಗಿ ಬಿಡಿಸಬೇಕು, ಬಿಡದಿದ್ದರೆ ಪಶುವೈದ್ಯರಲ್ಲಿ ಒಯ್ಯಬೇಕು. ಬೇಸಿಗೆಯೆಂದು ಪೂರ್ತಿ ಬೋಳಿಸುವುದೂ ತರವಲ್ಲ. ಬಿಸಿಲಿನಿಂದಲೂ ರೋಮವೇ ಚರ್ಮವನ್ನು ರಕ್ಷಿಸುತ್ತದೆ.

ಸ್ನಾನದ ಅಗತ್ಯ ಬಹುತೇಕ ಬೆಕ್ಕುಗಳಿಗೆ ಇಲ್ಲ. ಅವು ತಮ್ಮನ್ನು ತಾವೇ ನೆಕ್ಕಿ ಶುಚಿಗೊಳಿಸಿಕೊಳ್ಳುತ್ತವೆ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳ ತುದಿ ಟೊಳ್ಳಾಗಿದ್ದು, ಅವು ಜೊಲ್ಲನ್ನು ಹೀರಿ ರೋಮದ ಬುಡದವರೆಗೂ ತಲುಪಿಸುತ್ತವೆ ಎಂಬುದನ್ನು ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಮುಳ್ಳುಗಳು ಗಂಟಲಿನ ಕಡೆಗೇ ಬಾಗಿರುವುದರಿಂದ ನಾಲಿಗೆಗೆ ಅಂಟಿದ ರೋಮವನ್ನು ಉಗುಳಲು ಬೆಕ್ಕಿಗೆ ಸಾಧ್ಯವಿಲ್ಲ, ನುಂಗಲೇಬೇಕು. ಹೆಚ್ಚಿನದು ಮಲದೊಂದಿಗೆ ಹೊರಹೋಗುತ್ತದೆ. ಉಳಿದದ್ದು ಉಂಡೆಗಟ್ಟಿ ಎಂದಾದರೊಮ್ಮೆ ವಾಂತಿಯಾಗುತ್ತದೆ. ಆದರೆ ಪದೇ ಪದೇ ಓಕರಿಸುತ್ತ ಏನೂ ಹೊರಬಾರದಿದ್ದರೆ, ಊಟ ಬಿಟ್ಟರೆ, ಮಲಬದ್ಧತೆಯಾದರೆ ಕರುಳಿನಲ್ಲಿ ತಡೆಯಾಗಿರುವ ಸಂಭವವಿದೆ. ಬೆಕ್ಕು ಒಂದು ಇಡೀ ದಿನ ಏನೂ ತಿನ್ನದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು.

ಮನೆಯ ಶುಚಿತ್ವ

ರೋಮ ತೆಗೆಯುವಾಗ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಒಣ ಪೊರಕೆಯಿಂದ ರಭಸವಾಗಿ ಗುಡಿಸುವುದು. ಹಗುರವಾದ ಒಳರೋಮ ಗಾಳಿಗೆ ಹಾರಿ ಕಪಾಟು, ಪರದೆಗಳ ಮೇಲೆ ಕುಳಿತು ಅರ್ಧ ಗಂಟೆಯಲ್ಲಿ ಮತ್ತೆ ನೆಲಕ್ಕಿಳಿಯುತ್ತದೆ. ಗುಡಿಸಿದವರಿಗೆ ಶ್ರಮ ಮಾತ್ರ ಲಾಭ. ಬದಲಿಗೆ ಕೆಳಗಿನ ಕ್ರಮ ಅನುಸರಿಸಬಹುದು:

* ಮೊದಲು ಫ್ಯಾನ್ ಆರಿಸಿ, ಅದರ ರೆಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ನಂತರ ಕಪಾಟು, ಕುರ್ಚಿ, ಕೊನೆಗೆ ನೆಲ. ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು.

* ರೆಡ್ ಆಕ್ಸೈಡ್, ಮೊಸಾಯಿಕ್, ಟೈಲ್ಸ್ ನೆಲಗಳನ್ನು ಗುಡಿಸುವ ಮುನ್ನ ಹಿಂಡಿದ ಒದ್ದೆ ಬಟ್ಟೆಯನ್ನು ಒಂದೇ ದಿಕ್ಕಿನಲ್ಲಿ ಎಳೆದರೆ ರೋಮ ಸುರುಳಿಯಾಗಿ ಒಂದೆಡೆ ಸೇರುತ್ತದೆ. ಅದನ್ನು ಕೈಯಿಂದ ಎತ್ತಿ, ಆಮೇಲೆ ನೆಲ ಒರೆಸಬೇಕು.

* ಸೋಫಾ, ದಿಂಬು, ಜಮಖಾನೆಗಳ ಮೇಲೆ ಅಡುಗೆಮನೆಯ ರಬ್ಬರ್ ಕೈಗವಸನ್ನು ತುಸು ಒದ್ದೆ ಮಾಡಿ ಎಳೆದರೆ ರೋಮ ಉಂಡೆಯಾಗಿ ಬರುತ್ತದೆ.

* ಕಂಬಳಿ, ಉಣ್ಣೆಯ ಹೊದಿಕೆಗಳನ್ನು ಅಂಗಳದಲ್ಲಿ ಕೊಡವಿ ಬಿಸಿಲಿಗೆ ಹಾಕಬೇಕು. ವೆಲ್ವೆಟ್ ಹಾಗೂ ಒರಟು ನೇಯ್ಗೆಯ ಬಟ್ಟೆಗಳಿಗೆ ರೋಮ ಬೇಗ ಸಿಕ್ಕಿಕೊಳ್ಳುತ್ತದೆ. ನಯವಾದ, ಒತ್ತಾದ ಹತ್ತಿ ಬಟ್ಟೆಯ ಹೊದಿಕೆ ಉತ್ತಮ.

* ಒಗೆಯುವ ಯಂತ್ರಕ್ಕೆ ಹಾಕುವ ಮೊದಲೇ ಬಟ್ಟೆ ಕೊಡವಬೇಕು. ಒದ್ದೆಯಾದ ರೋಮ ನೂಲಿಗೆ ಇನ್ನಷ್ಟು ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ. ಯಂತ್ರದ ಜಾಲರಿಯನ್ನು ಪ್ರತಿ ಬಾರಿ ಶುಚಿಗೊಳಿಸಬೇಕು.

* ರೇಷ್ಮೆ ಸೀರೆ, ಸಮವಸ್ತ್ರಗಳಿರುವ ಬೀರುವಿನ ಬಾಗಿಲು ಮುಚ್ಚಿರಲಿ. ತೆರೆದ ಬಟ್ಟೆಯ ರಾಶಿ ಬೆಕ್ಕಿಗೆ ಅತ್ಯಂತ ಪ್ರಿಯವಾದ ಹಾಸಿಗೆ.

* ಬೆಕ್ಕು ಸದಾ ಮಲಗುವ ಎರಡು ಜಾಗಗಳನ್ನು ಗುರುತಿಸಿ ಅಲ್ಲಿ ಹಳೆಯ ಪಂಚೆ ಹಾಸಿ, ವಾರಕ್ಕೊಮ್ಮೆ ಒಗೆದರೆ ಮನೆಯ ಶ್ರಮ ಬಹಳ ಕಡಿಮೆಯಾಗುತ್ತದೆ.

ಹವಾಮಾನವನ್ನೂ ಗಮನಿಸಬೇಕು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಹಾಸನದಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ. ಆ ತಿಂಗಳುಗಳಲ್ಲಿ ಹಾಸಿಗೆ, ಕಂಬಳಿಗಳನ್ನು ಒದ್ದೆ ಮಾಡದೆ ರಬ್ಬರ್ ಬ್ರಷ್‌ನಿಂದ ರೋಮ ತೆಗೆಯುವುದೇ ಲೇಸು. ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಚನ್ನರಾಯಪಟ್ಟಣದಂಥ ಒಣ ಸೀಮೆಯಲ್ಲಿ ಫೆಬ್ರವರಿ, ಮಾರ್ಚ್ ವೇಳೆಗೆ ಗಾಳಿಯ ತೇವ ಇಳಿದು, ಸ್ಥಿರ ವಿದ್ಯುತ್ತಿನಿಂದ ರೋಮ ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳಿಗೆ ಅಂಟಿಕೊಳ್ಳುತ್ತದೆ. ಆಗ ಕೈ ತುಸು ತೇವ ಮಾಡಿಕೊಂಡು ಸವರಿದರೆ ಸುಲಭವಾಗಿ ಬಿಡುತ್ತದೆ.

ಕೂಡಿಟ್ಟ ರೋಮವನ್ನು ಬಚ್ಚಲಿಗೆ ಬಿಡಬಾರದು, ಕೊಳವೆ ಕಟ್ಟಿಕೊಳ್ಳುತ್ತದೆ. ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಬೇಕು. ಹಕ್ಕಿಗಳು ಗೂಡಿಗೆ ಒಯ್ಯಲೆಂದು ಅಂಗಳದಲ್ಲಿ ಹರಡುವ ರೂಢಿ ಕೆಲವರಲ್ಲಿದೆ. ಚಿಗಟದ ಔಷಧ ಹಾಕಿದ ಬೆಕ್ಕಿನ ರೋಮವನ್ನು ಹಾಗೆ ಹರಡಕೂಡದು. ಸಾಕುಪ್ರಾಣಿಗಳ ರೋಮ ಹಾಸಿದ ಹಕ್ಕಿಗೂಡುಗಳಲ್ಲಿ ಇಂಥ ಕೀಟನಾಶಕಗಳ ಅಂಶವಿದ್ದುದನ್ನು ಬ್ರಿಟನ್ನಿನ ಸಂಶೋಧಕರು 2025ರಲ್ಲಿ ವರದಿ ಮಾಡಿದ್ದಾರೆ.

ಫಿನಾಯಿಲ್: ಕಾಣದ ಅಪಾಯ

ರೋಮ, ವಾಸನೆ ಎರಡೂ ಹೋಗಲೆಂದು ನೆಲಕ್ಕೆ ಧಾರಾಳವಾಗಿ ಫಿನಾಯಿಲ್ ಸುರಿಯುವುದು ನಮ್ಮ ಮನೆಗಳ ಅಭ್ಯಾಸ. ಬೆಕ್ಕಿರುವ ಮನೆಯಲ್ಲಿ ಇದು ವಿಷಪ್ರಾಶನಕ್ಕೆ ಸಮ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ನಿರ್ವಿಷಗೊಳಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಅತಿ ಕಡಿಮೆ. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಅನಂತರ ತನ್ನ ಪಾದ ನೆಕ್ಕಿಕೊಳ್ಳುತ್ತದೆ. ಕಪ್ಪು ಫಿನಾಯಿಲ್ ಮಾತ್ರವಲ್ಲ, ಪೈನ್ ಎಣ್ಣೆಯ ಬಿಳಿ ಫಿನಾಯಿಲ್ ಕೂಡ ಕ್ಷೇಮವಲ್ಲ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ನುಸಿಗುಳಿಗೆಗಳನ್ನೂ ದೂರವಿಡಬೇಕು. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಕೆಲವು ಹನಿ ಬೆರೆಸಿ ಒರೆಸಿ, ಮತ್ತೊಮ್ಮೆ ಬರಿ ನೀರಿನಿಂದ ಒರೆಸಿದರೆ ದೈನಂದಿನ ಶುಚಿತ್ವಕ್ಕೆ ಸಾಕು. ನೆಲ ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿಡಬೇಕು.

ಇದಕ್ಕಿಂತಲೂ ಗಂಭೀರವಾದದ್ದು ಕೊಟ್ಟಿಗೆಯ ಔಷಧ. ಹಸು, ನಾಯಿಗಳ ಮೈಮೇಲಿನ ಉಣ್ಣೆ ನಿವಾರಣೆಗೆ ಬಳಸುವ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಔಷಧಗಳು ಅನೇಕ ಹೈನುಗಾರರ ಮನೆಗಳಲ್ಲಿ ಇರುತ್ತವೆ. 'ಹಸುವಿಗೆ ಆಗುವುದು ಬೆಕ್ಕಿಗೆ ಆಗದೇ' ಎಂದು ಚಿಗಟಕ್ಕೆ ಇದನ್ನು ಸವರಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಜೊಲ್ಲು, ಸೆಳವು ಕಾಣಿಸಿಕೊಂಡು ಬೆಕ್ಕು ಸಾಯಬಹುದು. ಬೆಕ್ಕಿಗೆಂದೇ ತಯಾರಾದ ಔಷಧವನ್ನು ವೈದ್ಯರ ಸಲಹೆಯಂತೆ ಮಾತ್ರ ಬಳಸಬೇಕು. ಜ್ವರಕ್ಕೆ ಮನುಷ್ಯರ ಪ್ಯಾರಾಸಿಟಮಾಲ್ ಕೊಡುವುದಂತೂ ಪ್ರಾಣಾಂತಕ.

ಉಬ್ಬಸಕ್ಕೆ ರೋಮವೇ ಕಾರಣವೇ?

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆ, ಬಸಿರು ನಿಲ್ಲುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಇದರಲ್ಲಿ ಅರ್ಧ ಸತ್ಯ, ಅರ್ಧ ತಪ್ಪು ಕಲ್ಪನೆ ಬೆರೆತಿದೆ.

ನುಂಗಿದ ಒಂದೆರಡು ಎಳೆ ರೋಮ ಹಾಗೆಯೇ ಹೊರಹೋಗುತ್ತದೆ. ಅಲರ್ಜಿಗೆ ಕಾರಣ ರೋಮವಲ್ಲ; ಬೆಕ್ಕಿನ ಜೊಲ್ಲು ಹಾಗೂ ಚರ್ಮದ ಗ್ರಂಥಿಗಳಲ್ಲಿ ಉತ್ಪತ್ತಿಯಾಗುವ 'ಫೆಲ್ ಡಿ 1' ಎಂಬ ಪ್ರೋಟೀನು. ನೆಕ್ಕಿದಾಗ ಅದು ರೋಮಕ್ಕೆ ಅಂಟಿ, ಒಣಗಿ, ಅತಿ ಸೂಕ್ಷ್ಮ ಕಣಗಳಾಗಿ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ರೋಮ ಅದರ ವಾಹನ ಮಾತ್ರ. ಆದ್ದರಿಂದಲೇ ರೋಮವಿಲ್ಲದ ತಳಿಗಳೂ ಅಲರ್ಜಿ ತರಬಲ್ಲವು. ಬೆಕ್ಕನ್ನು ಮನೆಯಿಂದ ಕಳುಹಿಸಿದ ಮೇಲೂ ಗೋಡೆ, ಹಾಸಿಗೆಗಳಲ್ಲಿ ಅದು ನಾಲ್ಕೈದು ತಿಂಗಳು ಉಳಿಯಬಹುದು. ಇಂದು ಬೆಕ್ಕು ಬಿಟ್ಟುಬಂದು ನಾಳೆ ಮಗುವಿನ ಉಬ್ಬಸ ವಾಸಿಯಾಗಲೆಂದು ನಿರೀಕ್ಷಿಸುವುದು ಫಲಿಸದು.

ಮನೆಯಲ್ಲಿ ಯಾರಿಗಾದರೂ ಸೀನು, ಕಣ್ಣುರಿ, ಏದುಸಿರು ಇದ್ದರೆ ಕಾರಣ ಬೆಕ್ಕೋ, ಹಾಸಿಗೆಯ ದೂಳುಹುಳವೋ, ಪಾರ್ಥೇನಿಯಂ ಪರಾಗವೋ ಎಂಬುದನ್ನು ತಜ್ಞ ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು. ಬೆಕ್ಕೇ ಕಾರಣವೆಂದಾದರೆ ಮಲಗುವ ಕೋಣೆಗೆ ಅದರ ಪ್ರವೇಶ ಸಂಪೂರ್ಣ ನಿಷೇಧಿಸಬೇಕು. ಹೆಪಾ ಜಾಲರಿಯ ವ್ಯಾಕ್ಯೂಮ್ ಕ್ಲೀನರ್ ಅಥವಾ ಗಾಳಿ ಶೋಧಕ ನೆರವಾಗುತ್ತದೆ. ಬಾಚುವ ಕೆಲಸವನ್ನು ಅಲರ್ಜಿಯಿಲ್ಲದವರು ಮನೆಯ ಹೊರಗೆ ಮಾಡಬೇಕು. ಇಷ್ಟಾಗಿಯೂ ಉಬ್ಬಸ ಹತೋಟಿಗೆ ಬಾರದಿದ್ದರೆ ಬೆಕ್ಕಿಗೆ ಬೇರೆ ಮನೆ ಹುಡುಕುವುದು ಅನಿವಾರ್ಯ. ಮಗುವಿನ ಉಸಿರಿನ ವಿಷಯದಲ್ಲಿ ರಾಜಿ ಸಲ್ಲದು.

ಬಸುರಿಯರಿಗೆ ಅಪಾಯವಿರುವುದು ರೋಮದಿಂದಲ್ಲ, ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯಿಂದ. ಇದು ಸೋಂಕುಕಾರಕವಾಗಲು ಕನಿಷ್ಠ ಒಂದು ದಿನ ಬೇಕು. ಮರಳಿನ ತಟ್ಟೆಯನ್ನು ಪ್ರತಿದಿನ, ಬಸುರಿಯಲ್ಲದ ಬೇರೊಬ್ಬರು ಶುಚಿಗೊಳಿಸಿದರೆ ಅಪಾಯ ಬಹಳ ತಗ್ಗುತ್ತದೆ. ಹಸಿ ಮಾಂಸ, ತೊಳೆಯದ ತರಕಾರಿ, ತೋಟದ ಮಣ್ಣಿನಿಂದಲೂ ಇದೇ ಸೋಂಕು ತಗಲುತ್ತದೆ ಎಂಬುದನ್ನು ಮರೆಯಬಾರದು.

ವೈದ್ಯರನ್ನು ಯಾವಾಗ ಕಾಣಬೇಕು?

ಮೈಯೆಲ್ಲ ಸಮನಾಗಿ ರೋಮ ಉದುರುವುದು ಸಹಜ. ಅಲ್ಲಲ್ಲಿ ಬೋಳಾಗುವುದು ಸಹಜವಲ್ಲ. ದುಂಡಗೆ ಬೋಳಾಗಿ ಹೊಟ್ಟು ಕಾಣಿಸಿದರೆ ಹುಳುಕಡ್ಡಿ ಇರಬಹುದು. ಇದು ಶಿಲೀಂಧ್ರದ ಸೋಂಕು. ಉದುರಿದ ರೋಮದ ಮೂಲಕ ಮಕ್ಕಳಿಗೂ ಹರಡುತ್ತದೆ. ಬಾಲದ ಬುಡದಲ್ಲಿ ಕೆರೆತ, ಕಪ್ಪು ಚುಕ್ಕೆಗಳಿದ್ದರೆ ಚಿಗಟ. ಹೊಟ್ಟೆಯನ್ನೇ ನೆಕ್ಕಿ ನೆಕ್ಕಿ ಬೋಳಾಗಿಸಿಕೊಂಡರೆ ಅಲರ್ಜಿ, ನೋವು ಅಥವಾ ಮನೋಒತ್ತಡ. ಮುದಿ ಬೆಕ್ಕು ಚೆನ್ನಾಗಿ ತಿನ್ನುತ್ತಿದ್ದರೂ ಬಡವಾಗಿ ರೋಮ ಕೆದರಿಕೊಂಡಿದ್ದರೆ ಥೈರಾಯ್ಡ್ ತೊಂದರೆಯ ಶಂಕೆ.

ಹಾಸನದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಿವೆ. ಪಶು ಆಸ್ಪತ್ರೆಯೆಂದರೆ ದನಕರುಗಳಿಗೆ ಮಾತ್ರವೆಂಬ ಭಾವನೆ ಬೇಡ. ಬೆಕ್ಕನ್ನು ಒಯ್ಯುವಾಗ ಕೈಯಲ್ಲಿ ಹಿಡಿಯದೆ, ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ಒಯ್ಯಬೇಕು. ಅದೇ ಭೇಟಿಯಲ್ಲಿ ರೇಬಿಸ್ ಲಸಿಕೆಯನ್ನೂ ಹಾಕಿಸುವುದು ಒಳಿತು.

ಬಿಟ್ಟು ಬರುವುದು ಅಪರಾಧ

ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಅನ್ವಯ ಅಪರಾಧ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಸೋಫಾದ ಮೇಲೆ ಬೆಳೆದ ಬೆಕ್ಕಿಗೆ ತೋಟದಲ್ಲಿ ಬೇಟೆಯಾಡಲು ಬಾರದು. ನಾಯಿಗಳಿಂದ ತಪ್ಪಿಸಿಕೊಳ್ಳಲೂ ತಿಳಿಯದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇಲ್ಲಿ ತಿರುಗಿ ಬೀಳುತ್ತದೆ. ಮನೆಯವರಿಗೆ ಬಟ್ಟೆಯ ಮೇಲಿನ ನಾಲ್ಕು ಎಳೆಯ ಕಿರಿಕಿರಿ, ಬೆಕ್ಕಿಗೆ ಪ್ರಾಣಸಂಕಟ. ಸಾಕಲು ಸಾಧ್ಯವೇ ಇಲ್ಲದಿದ್ದರೆ ಪರಿಚಿತರಲ್ಲಿ ವಿಚಾರಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಒಪ್ಪಿದವರ ಕೈಗೆ ಒಪ್ಪಿಸುವುದು ಸರಿಯಾದ ಮಾರ್ಗ.

ಸರಿಯಾದ ಆಹಾರ, ವಾರಕ್ಕೆರಡು ಬಾರಿ ಬಾಚಣಿಗೆ, ಒದ್ದೆ ಬಟ್ಟೆ ಮತ್ತು ಮುಚ್ಚಿದ ಬೀರು. ಈ ನಾಲ್ಕನ್ನು ಪಾಲಿಸಿದ ಮನೆಯಲ್ಲಿ ರೋಮ ಪೂರ್ತಿ ಮಾಯವಾಗದು. ಆದರೆ ಬೆಕ್ಕನ್ನು ಹೊರಹಾಕುವಷ್ಟು ದೊಡ್ಡ ಸಮಸ್ಯೆಯಾಗಿಯೂ ಉಳಿಯದು.